ಉಳಿಸಿದ ಯೂನಿಟ್ಟೇ ಗಳಿಸಿದ ಯೂನಿಟ್ಟು: ಮನೆಗಳಲ್ಲಿ ವಿದ್ಯುತ್ ಉಳಿತಾಯದ ಸಾಧ್ಯತೆಗಳು

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದ್ಯಾ ಸಂಘದ ವೇದಿಕೆಯಲ್ಲಿ ಕರೆಂಟ್ ಬಿಲ್ಲಿನ ವಿಷಯ ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ನಮ್ಮ ಕುಟುಂಬಗಳಲ್ಲಿ ಮಕ್ಕಳ ಶಾಲಾ ಶುಲ್ಕವೂ ಕರೆಂಟ್ ಬಿಲ್ಲೂ ಒಂದೇ ಜೇಬಿನಿಂದ ಹೋಗುತ್ತವೆ. ಒಂದು ಕಡೆ ವ್ಯರ್ಥವಾದದ್ದು ಇನ್ನೊಂದು ಕಡೆ ಕೊರತೆಯಾಗುತ್ತದೆ. ಎರಡನೆಯ ಕಾರಣ, ಇದು ಕಲಿಯಬೇಕಾದ ಒಂದು ವಿದ್ಯೆ. ವಿದ್ಯುತ್ತನ್ನು ಉಳಿಸುವುದೆಂದರೆ ಕತ್ತಲಲ್ಲಿ ಕುಳಿತುಕೊಳ್ಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ ಎಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ನಮ್ಮ ಧರ್ಮದಲ್ಲಿ ಇಸ್ರಾಫ್, ಅಂದರೆ ದುಂದುಗಾರಿಕೆ, ಎಂಥ ದೋಷವೆಂದು ಪರಿಗಣಿತವಾಗಿದೆ ಎಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಸೂರಃ ಅಲ್ ಅಅ್‌ರಾಫ್‌ನಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ ಅನುಮತಿ ಇದೆ, ಪೋಲು ಮಾಡುವುದಕ್ಕೆ ಇಲ್ಲ. ಮಲಗುವ ಮುನ್ನ ದೀಪ ಆರಿಸುವಂತೆ ಪ್ರವಾದಿವರ್ಯರು (ಸ) ಬೋಧಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಅಂದು ಅದು ಬೆಂಕಿಯ ಅಪಾಯದಿಂದ ಮನೆಯನ್ನು ಕಾಪಾಡುವ ಮಾತು. ಇಂದು ಅದೇ ಅಭ್ಯಾಸ ಮನೆಯ ಖರ್ಚನ್ನೂ ಕಾಪಾಡುತ್ತದೆ.

ಯಲಹಂಕ ಕಲಿಸುವ ಪಾಠ

ವಿದ್ಯುತ್ತು ಎಲ್ಲೋ ದೂರದ ಶರಾವತಿಯಿಂದಲೋ ರಾಯಚೂರಿನಿಂದಲೋ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಬಹುಪಾಲು ಹಾಗೆಯೇ ಬರುತ್ತದೆ. ಆದರೆ ಉತ್ತರ ಬೆಂಗಳೂರಿನವರಿಗೆ ಅದು ಪಕ್ಕದ ಬೀದಿಯ ವಿಷಯವೂ ಹೌದು. 1990ರ ದಶಕದಲ್ಲಿ ನಗರದ ಕೊರತೆ ನೀಗಿಸಲು ಯಲಹಂಕದಲ್ಲಿ ಡೀಸೆಲ್ ವಿದ್ಯುತ್ ಕೇಂದ್ರ ಕಟ್ಟಲಾಯಿತು. ಅದರ ಸಾಮರ್ಥ್ಯ ಸುಮಾರು 128 ಮೆಗಾವ್ಯಾಟ್. ಡೀಸೆಲ್ ಸುಟ್ಟು ವಿದ್ಯುತ್ ತಯಾರಿಸುವುದು ದುಬಾರಿ, ಹೊಗೆಯೂ ಹೆಚ್ಚು. ಅದು ಮುಚ್ಚಿದ ಮೇಲೆ ಅಲ್ಲಿಯೇ 370 ಮೆಗಾವ್ಯಾಟ್ ಸಾಮರ್ಥ್ಯದ ಅನಿಲ ಆಧಾರಿತ ಕೇಂದ್ರ ನಿರ್ಮಾಣವಾಯಿತು. ಅದರ ಉದ್ಘಾಟನೆ ಆದದ್ದು 2024ರಲ್ಲಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಊರಿಗೆ ಊರೇ ಗೀಸರ್ ಹಾಕಿದಾಗ, ಸಂಜೆ ಊರಿಗೆ ಊರೇ ದೀಪ ಹಚ್ಚಿದಾಗ ಬೇಡಿಕೆ ಏರುತ್ತದೆ. ಆ ಏರಿಕೆಯನ್ನು ತಡೆದುಕೊಳ್ಳಲು ಇಂತಹ ಕೇಂದ್ರಗಳು ಬೇಕಾಗುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಕೇಂದ್ರದಲ್ಲಿ ಉತ್ಪಾದನೆಯಾದ ಪ್ರತಿ ಯೂನಿಟ್ಟೂ ನಿಮ್ಮ ಮನೆಗೆ ತಲುಪುವುದಿಲ್ಲ. ತಂತಿಯಲ್ಲಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದಿಷ್ಟು ಸೋರಿಹೋಗುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಉಳಿದ ಒಂದು ಯೂನಿಟ್ಟು, ಕೇಂದ್ರದಲ್ಲಿ ಉತ್ಪಾದಿಸಬೇಕಾಗಿದ್ದ ಒಂದಕ್ಕಿಂತ ಹೆಚ್ಚು ಯೂನಿಟ್ಟಿಗೆ ಸಮ.

ಅಮೂಲ್ಯ ರೆಡ್ಡಿಯವರ ಪ್ರಶ್ನೆ

ಈ ವಿಚಾರವನ್ನು ಜಗತ್ತಿಗೆ ಬಿಡಿಸಿ ಹೇಳಿದವರಲ್ಲಿ ಒಬ್ಬರು ನಮ್ಮ ಊರಿನವರೇ. ಯಶವಂತಪುರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿ (1930–2006). ಹಳ್ಳಿಗಳಿಗೆ ವಿಜ್ಞಾನವನ್ನು ತಲುಪಿಸಲು 1974ರಲ್ಲಿ ಅಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಸ್ಥಾಪಕರು ಅವರು.

ಅವರ ಪ್ರಶ್ನೆ ಬಹಳ ಸರಳವಾಗಿತ್ತು. ಜನರಿಗೆ ಬೇಕಾಗಿರುವುದು ಯೂನಿಟ್ಟುಗಳೇ? ಯಾರೂ ಯೂನಿಟ್ಟನ್ನು ತಿನ್ನುವುದಿಲ್ಲ, ಉಡುವುದಿಲ್ಲ. ನಮಗೆ ಬೇಕಾದದ್ದು ಬೆಳಕು, ಬಿಸಿನೀರು, ಗಾಳಿ, ಕೆಡದ ಆಹಾರ. ಆ ಸೇವೆ ಕಡಿಮೆ ವಿದ್ಯುತ್ತಿನಲ್ಲಿ ಸಿಗುವುದಾದರೆ ಹೆಚ್ಚು ಏಕೆ ಸುಡಬೇಕು? 1987ರಲ್ಲಿ ರಾಜ್ಯಕ್ಕಾಗಿ 2000ನೇ ಇಸವಿಯವರೆಗಿನ ವಿದ್ಯುತ್ ಯೋಜನೆಗಳ ದೀರ್ಘಾವಧಿಯ ನಕ್ಷೆಯೊಂದು ಸಿದ್ಧವಾಗಿತ್ತು. ಹೊಸ ಹೊಸ ಸ್ಥಾವರಗಳನ್ನು ಕಟ್ಟುತ್ತಾ ಹೋಗುವುದೇ ಅದರ ತಿರುಳು. ರೆಡ್ಡಿ ಮತ್ತು ಅವರ ಸಂಗಡಿಗರು ಅದಕ್ಕೆ ಪರ್ಯಾಯವಾಗಿ ‘ಡಿಫೆಂಡಸ್’ ಎಂಬ ಲೆಕ್ಕಾಚಾರವನ್ನು 1991ರಲ್ಲಿ ಪ್ರಕಟಿಸಿದರು. ಸ್ನಾನದ ನೀರಿಗೆ ವಿದ್ಯುತ್ ಹೀಟರ್ ಬದಲು ಸೋಲಾರ್, ಬುರುಡೆ ಬಲ್ಬಿನ ಬದಲು ಸಿಎಫ್‌ಎಲ್, ರೈತನಿಗೆ ಉತ್ತಮ ಪಂಪು, ಕರೆಂಟಿಲ್ಲದ ಮನೆಗಳಿಗೆಲ್ಲ ದೀಪ. ಇಷ್ಟು ಮಾಡಿದರೆ ಸರ್ಕಾರಿ ನಕ್ಷೆ ಕೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲಿ ರಾಜ್ಯದ ಕೆಲಸ ಸಾಗುತ್ತದೆ ಎಂದು ಅವರು ಅಂಕಿಅಂಶ ಸಹಿತ ತೋರಿಸಿದರು. ಬಡವನ ಮನೆಗೆ ದೀಪ ಕೊಡುವುದನ್ನೂ ಆ ಲೆಕ್ಕದೊಳಗೇ ಸೇರಿಸಿದ್ದರು ಎಂಬುದು ಮುಖ್ಯ.

ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೊಹಾನ್ಸನ್, ಅಮೆರಿಕದ ವಿಲಿಯಮ್ಸ್ ಅವರ ಜೊತೆ ಸೇರಿ ಇದೇ ವಾದವನ್ನು ರೆಡ್ಡಿಯವರು 1980ರ ದಶಕದಲ್ಲಿ ಇಡೀ ಜಗತ್ತಿಗೆ ಅನ್ವಯಿಸಿ ಬರೆದರು. ನಾಲ್ಕು ದೇಶಗಳ ನಾಲ್ವರು ವಿಜ್ಞಾನಿಗಳು ಒಂದೇ ತೀರ್ಮಾನಕ್ಕೆ ಬಂದದ್ದು ಸಣ್ಣ ವಿಷಯವಲ್ಲ.

ದೇಶ ದೇಶಗಳ ಅನುಭವ

ಮನೆಗಳಲ್ಲಿ ಶಕ್ತಿ ಉಳಿಸುವ ಅವಕಾಶ ಎಲ್ಲ ದೇಶಗಳಲ್ಲೂ ಇದೆ. ಆದರೆ ಅದು ಅಡಗಿರುವ ಜಾಗ ಬೇರೆ ಬೇರೆ.

ಯೂರೋಪಿನಲ್ಲಿ ಮನೆಬಳಕೆಯ ಶಕ್ತಿಯಲ್ಲಿ ಮೂರನೇ ಎರಡು ಭಾಗದಷ್ಟು ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡಲು ಹೋಗುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಜರ್ಮನಿ 1977ರಲ್ಲಿ ಗೋಡೆ ಮತ್ತು ಮಾಡಿನಿಂದ ಶಾಖ ಸೋರದಂತೆ ಕಟ್ಟುವ ನಿಯಮ ತಂದಿತು. 1990ರ ಸುಮಾರಿಗೆ ಡಾರ್ಮ್‌ಸ್ಟಾಟ್ ನಗರದಲ್ಲಿ ‘ಪ್ಯಾಸಿವ್ ಹೌಸ್’ ಎಂಬ ಮಾದರಿ ಮನೆಗಳನ್ನು ಕಟ್ಟಿದರು. ಒಂದು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟಿನಷ್ಟು ಶಾಖ ಕೊಟ್ಟರೆ ಸಾಕು, ಮನೆ ಬೆಚ್ಚಗಿರುತ್ತದೆ ಎಂಬುದು ಅದರ ಅಳತೆಗೋಲು.

ಅಮೆರಿಕದ ಕತೆ ಫ್ರಿಜ್ಜಿನದು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಸಾಮಾನ್ಯ ಫ್ರಿಜ್ ವರ್ಷಕ್ಕೆ ಸುಮಾರು 1800 ಯೂನಿಟ್ ಬಳಸುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಮೊದಲು, ನಂತರ ಇಡೀ ದೇಶ ಮಿತಿ ವಿಧಿಸಿದ ಮೇಲೆ 2001ರ ಹೊತ್ತಿಗೆ ಅದು ಸುಮಾರು 500ಕ್ಕೆ ಇಳಿಯಿತು. ಫ್ರಿಜ್ ದೊಡ್ಡದಾಯಿತು, ಆದರೂ ಬಳಕೆ ಇಳಿಯಿತು. ಯಾರೂ ಬೆಚ್ಚಗಿನ ಹಾಲು ಕುಡಿಯಬೇಕಾಗಿ ಬರಲಿಲ್ಲ.

ನಮಗೆ ಹೆಚ್ಚು ಹತ್ತಿರದ್ದು ಬ್ರೆಜಿಲ್. ನಮ್ಮಂತೆ ಜಲವಿದ್ಯುತ್ತನ್ನು ನೆಚ್ಚಿದ ದೇಶ. 2001ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರ ಮನೆ ಮನೆಗೂ ಹಿಂದಿನ ವರ್ಷದ ಬಳಕೆಗಿಂತ ಶೇಕಡ 20 ಕಡಿಮೆಯ ಮಿತಿ ಹಾಕಿತು. ಮೀರಿದವರಿಗೆ ದಂಡ, ಉಳಿಸಿದವರಿಗೆ ಬಹುಮಾನ. ಜನ ಬಲ್ಬು ಬದಲಿಸಿದರು, ಬೇಡದ ಫ್ರೀಜರ್ ಆರಿಸಿದರು. ಮಳೆ ಬಂದು ನಿರ್ಬಂಧ ತೆಗೆದ ಮೇಲೂ ಮನೆಗಳ ಬಳಕೆ ಹಲವು ವರ್ಷ ಹಳೆಯ ಮಟ್ಟಕ್ಕೆ ಏರಲಿಲ್ಲ.

ಇನ್ನು ನಮ್ಮಲ್ಲಿ ಅನೇಕರ ಬಂಧುಗಳು ದುಡಿಯುವ ಕೊಲ್ಲಿ ದೇಶಗಳು. ಅಲ್ಲಿ ಮನೆಗಳ ವಿದ್ಯುತ್ತಿನ ಬಹುಭಾಗ ಏಸಿಗೇ ಹೋಗುತ್ತದೆ. ಕುವೈತ್ 1983ರಷ್ಟು ಹಿಂದೆಯೇ ಕಟ್ಟಡಗಳಿಗೆ ಶಕ್ತಿ ಉಳಿತಾಯದ ಸಂಹಿತೆ ತಂದಿತು. ಆದರೆ ಏಸಿ ಬರುವುದಕ್ಕೆ ಶತಮಾನಗಳ ಹಿಂದೆಯೇ ಇರಾನಿನ ಯಜ್ದ್ ನಗರದಲ್ಲಿ ಮನೆಯ ಮೇಲೆ ಗಾಳಿ ಹಿಡಿಯುವ ಗೋಪುರಗಳಿದ್ದವು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ 1940ರ ದಶಕದಲ್ಲಿ ಲಕ್ಸರ್ ಬಳಿ ನ್ಯೂ ಗೌರ್ನ ಎಂಬ ಹಳ್ಳಿಯನ್ನು ಮಣ್ಣಿನ ಇಟ್ಟಿಗೆ, ಗುಮ್ಮಟದ ಮಾಡು, ಒಳ ಅಂಗಳ, ಜಾಲಂಧ್ರಗಳಿಂದ ಕಟ್ಟಿಸಿದರು. ಸ್ಥಳಾಂತರಕ್ಕೆ ಜನ ಒಪ್ಪದೆ ಆ ಹಳ್ಳಿ ಪೂರ್ತಿ ತುಂಬಲಿಲ್ಲ. ಆದರೆ ಬಡವನ ಮನೆಯೂ ತಂಪಾಗಿರಬಹುದು ಎಂಬ ಅವರ ವಿಚಾರ ಜಗತ್ತನ್ನೆಲ್ಲ ಸುತ್ತಿತು.

ನಮ್ಮ ಮನೆಯ ಲೆಕ್ಕ

ಈಗ ಆರ್.ಟಿ. ನಗರಕ್ಕೆ ಬರೋಣ. ಬೆಂಗಳೂರು ಸಮಶೀತೋಷ್ಣ ವಲಯದ ಊರು. ನಮಗೆ ಹೀಟರ್ ಬೇಡ, ಏಸಿಯೂ ಬಹುಮಟ್ಟಿಗೆ ಬೇಡ. ಹಾಗಾದರೆ ನಮ್ಮ ಉಳಿತಾಯ ಎಲ್ಲಿದೆ? ಐದು ಜನರ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್ಟು ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದು ಮಕ್ಕಳೂ ಮಾಡಬಹುದಾದ ಲೆಕ್ಕ.

1. ಗೀಸರ್: 2000 ವ್ಯಾಟಿನದು ದಿನಕ್ಕೆ ಒಂದು ಗಂಟೆ. ತಿಂಗಳಿಗೆ 60 ಯೂನಿಟ್. ಸೋಲಾರ್ ಇದ್ದರೆ ಮೋಡದ ದಿನಗಳ 10 ಯೂನಿಟ್ ಹಿಡಿಯಿರಿ.

2. ಫ್ಯಾನು: ಹಳೆಯ 75 ವ್ಯಾಟಿನ ಮೂರು ಫ್ಯಾನು, ದಿನಕ್ಕೆ ಹತ್ತು ಗಂಟೆ. ತಿಂಗಳಿಗೆ 67 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನದು. ಆಗ 27 ಯೂನಿಟ್.

3. ದೀಪ: ಚೋಕ್ ಸೇರಿ 50 ವ್ಯಾಟಿನ ಹಳೆಯ ನಾಲ್ಕು ಟ್ಯೂಬ್‌ಲೈಟು, ಐದು ಗಂಟೆ. 30 ಯೂನಿಟ್. 20 ವ್ಯಾಟಿನ ಎಲ್‌ಇಡಿ ಟ್ಯೂಬಾದರೆ 12 ಯೂನಿಟ್.

4. ಫ್ರಿಜ್: ಹಳೆಯದು, ಬಾಗಿಲಿನ ರಬ್ಬರು ಸಡಿಲವಾದದ್ದು, ದಿನಕ್ಕೆ ಒಂದೂವರೆ ಯೂನಿಟ್ ಹಿಡಿದರೆ 45. ಒಳ್ಳೆಯ ಸ್ಟಾರ್ ಇರುವ ಹೊಸದು 20.

5. ಟಿವಿ, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಮೊಬೈಲು: ಎರಡೂ ಮನೆಯಲ್ಲಿ 20.

ಮೊದಲನೆಯ ಮನೆಯ ಒಟ್ಟು 222 ಯೂನಿಟ್, ಎರಡನೆಯದು 89. ಬೆಳಕು ಅಷ್ಟೇ, ಗಾಳಿ ಅಷ್ಟೇ, ಬಿಸಿನೀರು ಅಷ್ಟೇ. ಉಳಿದದ್ದು 133 ಯೂನಿಟ್. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೆ ತಿಂಗಳಿಗೆ 800 ರೂಪಾಯಿ, ವರ್ಷಕ್ಕೆ ಒಂಬತ್ತೂವರೆ ಸಾವಿರ. ಒಂದು ಮಗುವಿನ ಪುಸ್ತಕ, ಸಮವಸ್ತ್ರ, ಬಸ್ ಪಾಸು ಅದರಲ್ಲಿ ಬರುತ್ತದೆ. ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ. ಲೆಕ್ಕ ಹಾಕುವ ವಿಧಾನ ಮಾತ್ರ ಇದೇ.

ಎಲ್ಲವನ್ನೂ ಒಮ್ಮೆಗೇ ಬದಲಿಸಬೇಕಿಲ್ಲ. ದಿನಕ್ಕೆ ಹೆಚ್ಚು ಹೊತ್ತು ತಿರುಗುವ ಫ್ಯಾನು ಯಾವುದೋ ಅದನ್ನು ಮೊದಲು ಬದಲಿಸಿ. ತಿಂಗಳಿಗೊಮ್ಮೆ ಅತಿಥಿ ಬಂದಾಗ ಹಾಕುವ ಫ್ಯಾನನ್ನು ಮುಟ್ಟಬೇಡಿ. ಅಂಗಡಿಯಲ್ಲಿ ಬರೀ ನಕ್ಷತ್ರ ಎಣಿಸಬೇಡಿ. ಫ್ರಿಜ್ಜಿನ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಓದಿ. 2006ರಲ್ಲಿ ಶುರುವಾದ ಈ ಸ್ಟಾರ್ ಪದ್ಧತಿ ಸೀಲಿಂಗ್ ಫ್ಯಾನುಗಳಿಗೆ 2023ರಿಂದ ಕಡ್ಡಾಯವಾಗಿದೆ.

ಬಿಸಿನೀರು: ಬೆಂಗಳೂರಿನ ಹೆಮ್ಮೆ

ಸೋಲಾರ್ ವಾಟರ್ ಹೀಟರಿನಲ್ಲಿ ಬೆಂಗಳೂರು ದೇಶಕ್ಕೇ ಮಾದರಿ. 2007ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ನಗರಗಳ ಹೊಸ ಮನೆಗಳಿಗೆ, ನಿಗದಿತ ಅಳತೆ ಮೀರಿದರೆ, ಇದನ್ನು ಕಡ್ಡಾಯ ಮಾಡಿತು. ಹೆಬ್ಬಾಳದ ಮೇಲ್ಸೇತುವೆಯ ಮೇಲಿನಿಂದ ನೋಡಿದರೆ ತಾರಸಿಗಳ ಮೇಲೆ ಸಾಲು ಸಾಲು ಟ್ಯಾಂಕು ಕಾಣುತ್ತವೆ.

ಆದರೆ ಇರುವುದೆಲ್ಲ ಕೆಲಸ ಮಾಡುತ್ತಿದೆಯೇ? ಇಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು ಬೋರ್‌ವೆಲ್ಲಿನ ಗಡುಸು ನೀರು. ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿಕೊಂಡು ನೀರು ಹರಿಯುವುದೇ ನಿಲ್ಲುತ್ತದೆ. ಗಡುಸು ನೀರಿರುವ ಕಡೆ ಅದಕ್ಕೆ ತಕ್ಕ ಬಗೆಯ ಹೀಟರನ್ನೇ ಆರಿಸಬೇಕು, ಕಾಲಕಾಲಕ್ಕೆ ತೊಳೆಸಬೇಕು. ಎರಡನೆಯದು ಪೈಪಿನ ಉದ್ದ. ಮುಕ್ಕಾಲು ಅಂಗುಲದ ಪೈಪು 15 ಮೀಟರ್ ಇದ್ದರೆ ಅದರೊಳಗೆ ನಾಲ್ಕೈದು ಲೀಟರ್ ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವ ತನಕ ಅದನ್ನು ಚರಂಡಿಗೆ ಬಿಡುತ್ತೇವೆ. ಬೇಸತ್ತು ಕೊನೆಗೆ ಗೀಸರ್ ಸ್ವಿಚ್ಚೇ ಒತ್ತುತ್ತೇವೆ. ಮನೆ ಕಟ್ಟುವವರು ಸ್ನಾನದ ಮನೆಗಳನ್ನು ಒಂದರ ಮೇಲೊಂದು ಬರುವಂತೆ ಹಾಕಿಸಿ, ಪೈಪಿಗೆ ಶಾಖ ಹೋಗದ ಹೊದಿಕೆ ಸುತ್ತಿಸಿದರೆ ಈ ನಷ್ಟ ಬಹುಪಾಲು ತಪ್ಪುತ್ತದೆ. ತಣ್ಣಗಿನ ಮೊದಲ ನೀರನ್ನು ಬಕೆಟಿಗೆ ಹಿಡಿದು ನೆಲ ಒರೆಸಲು ಬಳಸಬಹುದು.

ತಾರಸಿ ಮತ್ತು ಗೋಡೆ

ಬೆಂಗಳೂರಿನ ಬೇಸಿಗೆ ಬದಲಾಗಿದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5. ಮೇಲಿನ ಅಂತಸ್ತಿನವರಿಗೆ ರಾತ್ರಿ ಹನ್ನೊಂದಾದರೂ ನಿದ್ರೆ ಬರುವುದಿಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಶಾಖವನ್ನು ಕೋಣೆಗೆ ಬಿಡುತ್ತದೆ. ಪರೀಕ್ಷೆಯ ತಿಂಗಳಲ್ಲಿ ಮಕ್ಕಳು ಓದುವುದು ಇಂಥ ಕೋಣೆಯಲ್ಲಿ. ಏಸಿ ಕೊಳ್ಳುವ ಆಲೋಚನೆ ಹುಟ್ಟುವುದೂ ಇಲ್ಲೇ.

ಏಸಿ ಕೊಳ್ಳುವ ಮುನ್ನ ತಾರಸಿ ನೋಡಿ. ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಣ್ಣ ಬಳಿದರೂ ಕೋಣೆಯ ಧಗೆ ಇಳಿಯುತ್ತದೆ. ತೆಲಂಗಾಣ ರಾಜ್ಯ 2023ರಲ್ಲಿ ಇದಕ್ಕಾಗಿಯೇ ತಂಪು ತಾರಸಿಯ ನೀತಿ ತಂದಿತು. ಕೇಂದ್ರ ಸರ್ಕಾರ 2018ರಲ್ಲಿ ಮನೆಗಳಿಗಾಗಿ ರೂಪಿಸಿದ ‘ಇಕೋ ನಿವಾಸ್ ಸಂಹಿತೆ’ಯಲ್ಲಿ ತಾರಸಿಯಿಂದ ಎಷ್ಟು ಶಾಖ ಒಳಬರಬಹುದು ಎಂಬ ಮಿತಿ ಇದೆ. ನಮ್ಮ ಬರೀ ಕಾಂಕ್ರೀಟ್ ತಾರಸಿ ಅದರ ಎರಡು ಪಟ್ಟಿಗಿಂತ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಪಶ್ಚಿಮದ ಕಿಟಕಿಗೆ ಸಜ್ಜೆ, ಎದುರು ಬದುರು ಕಿಟಕಿ, ಮೆಟ್ಟಿಲ ಗೂಡಿಗೆ ಜಾಲರಿ, ಇವೆಲ್ಲ ನಮ್ಮ ಅಜ್ಜಂದಿರ ಮೇಸ್ತ್ರಿಗಳಿಗೆ ಗೊತ್ತಿದ್ದ ಸಂಗತಿಗಳೇ. ಏಸಿ ಇದ್ದೇ ಇದೆ ಎನ್ನುವವರು 24 ಡಿಗ್ರಿಯಲ್ಲಿ ಇಡಿ. ಒಂದೊಂದು ಡಿಗ್ರಿ ಏರಿಸಿದರೂ ಶೇಕಡ ಆರರಷ್ಟು ವಿದ್ಯುತ್ ಉಳಿಯುತ್ತದೆ.

ಕಟ್ಟುವಾಗಲೇ ಸುಟ್ಟುಹೋಗುವ ಶಕ್ತಿಯೂ ಇದೆ. ಇಟ್ಟಿಗೆ ಸುಡಲು, ಸಿಮೆಂಟು ಕಬ್ಬಿಣ ತಯಾರಿಸಲು ಬೇಕಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿಯವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಾಂಕ್ರೀಟ್ ಕಂಬಗಳ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಎರಡಂತಸ್ತಿನ ಮನೆಗೆ 2.92, ಒತ್ತಿ ಮಾಡಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯ ಮನೆಗೆ 1.61. ಹಸನ್ ಫತ್ಹಿಯ ಮಣ್ಣು ಮತ್ತು ಯಶವಂತಪುರದ ಮಣ್ಣು ಒಂದೇ ಮಾತು ಹೇಳುತ್ತಿವೆ.

ನೀರು ಉಳಿಸಿದರೂ ವಿದ್ಯುತ್ ಉಳಿಯುತ್ತದೆ

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತಲು ಪಂಪಿನ ನಷ್ಟ ಸೇರಿ ಸುಮಾರು ಎರಡು ಯೂನಿಟ್ ಬೇಕು. ನಂತರ ಸಂಪಿನಿಂದ ಟ್ಯಾಂಕಿಗೆ ಮತ್ತೊಂದಿಷ್ಟು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳಿಗೆ ಈ ನೀರನ್ನು ಕೊಡುವ ಕೆಲಸ ನಡೆದಿದೆ. ಬೋರ್‌ವೆಲ್ ಇದ್ದರೆ ಸಾವಿರ ಅಡಿಯ ಆಳದಿಂದ ಎತ್ತುವ ಖರ್ಚು ನಮ್ಮದೇ ಮೀಟರಿನಲ್ಲಿ ಓಡುತ್ತದೆ.

ಹರಿಯುವ ನದಿಯ ದಂಡೆಯಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂಬ ಬೋಧನೆ ಹದೀಸಿನಲ್ಲಿದೆ. ಆ ಮಾತಿನ ಬೆಲೆ ಬೆಂಗಳೂರಿಗಿಂತ ಚೆನ್ನಾಗಿ ಇನ್ನೆಲ್ಲಿ ಅರ್ಥವಾದೀತು? ಮಸೀದಿಯ ನಲ್ಲಿಯನ್ನು ಸಣ್ಣಗೆ ಬಿಟ್ಟು ವುಝೂ ಮಾಡುವುದು ಸುನ್ನತ್ತೂ ಹೌದು, ವಿದ್ಯುತ್ ಉಳಿತಾಯವೂ ಹೌದು. ಮೊರಾಕ್ಕೋ ದೇಶ ನೂರಾರು ಮಸೀದಿಗಳಿಗೆ ಎಲ್‌ಇಡಿ ಮತ್ತು ಸೋಲಾರ್ ಅಳವಡಿಸುವ ಯೋಜನೆ ಕೈಗೊಂಡಿತು. ಜಕಾರ್ತದ ಇಸ್ತಿಖ್ಲಾಲ್ ಮಸೀದಿಯ ಮಾಡಿನ ಮೇಲೆ ಸೋಲಾರ್ ಫಲಕಗಳಿವೆ. ನಮ್ಮ ಮೊಹಲ್ಲಾದ ಕಮಿಟಿಗಳೂ ಈ ಬಗ್ಗೆ ಆಲೋಚಿಸಬಹುದು.

ಉಚಿತವಾದರೆ ಉಳಿಸಬೇಕೇ?

2023ರಲ್ಲಿ ಗೃಹಜ್ಯೋತಿ ಜಾರಿಯಾಯಿತು. ನಮ್ಮಲ್ಲಿ ಅನೇಕರಿಗೆ ಶೂನ್ಯ ಬಿಲ್ಲು ಬರುತ್ತಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಅದರ ನಿಯಮವನ್ನು ಸರಿಯಾಗಿ ತಿಳಿದುಕೊಳ್ಳಿ. ಉಚಿತ ಸಿಗುವುದು ನೇರವಾಗಿ 200 ಯೂನಿಟ್ ಅಲ್ಲ. ನಿಮ್ಮ 2022-23ರ ಸರಾಸರಿ, ಅದರ ಮೇಲೆ ಶೇಕಡ ಹತ್ತು. ಸರಾಸರಿ 150 ಇದ್ದವರಿಗೆ 165. ಅವರು 180 ಬಳಸಿದರೆ ಮೇಲಿನ 15ಕ್ಕೆ ದುಡ್ಡು. ಒಂದು ತಿಂಗಳು 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ತೀರಾ ಕಡಿಮೆ ಬಳಸುವವರಿಗೆ ಶೇಕಡ ಹತ್ತರ ಬದಲು ಹತ್ತು ಯೂನಿಟ್ ಹೆಚ್ಚುವರಿ ಕೊಡುವ ಬದಲಾವಣೆ 2024ರಲ್ಲಿ ಆಯಿತು. ಅಂದರೆ ಗಡಿಯ ಹತ್ತಿರ ಇರುವ ಮನೆಗೆ ಒಂದು ಹಳೆಯ ಫ್ಯಾನು, ಒಂದು ಗೀಸರು ಬಹಳ ದುಬಾರಿಯಾಗಬಹುದು.

ಇನ್ನೊಂದು ಮಾತು. ಉಚಿತ ಎಂದರೆ ಯಾರೂ ಕೊಡುತ್ತಿಲ್ಲ ಎಂದಲ್ಲ. ಸರ್ಕಾರದ ಬೊಕ್ಕಸ ಕೊಡುತ್ತಿದೆ. ಶಾಲೆಗೂ ಆಸ್ಪತ್ರೆಗೂ ಹೋಗುವ ಹಣ ಬರುವುದು ಅದೇ ಬೊಕ್ಕಸದಿಂದ. ಆದ್ದರಿಂದ ಅದು ನಮ್ಮ ಕೈಯಲ್ಲಿರುವ ಅಮಾನತ್ತು.

ಒಂದು ಆಕ್ಷೇಪಣೆಯೂ ನ್ಯಾಯವಾದದ್ದೇ. ಭಾರತೀಯನೊಬ್ಬನ ಪಾಲಿನ ವಿದ್ಯುತ್ತು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಒಂದು ಕೋಣೆಯಲ್ಲಿ ಐದು ಜನ ಇರುವ, ತಿಂಗಳಿಗೆ 40 ಯೂನಿಟ್ ಬಳಸುವ ಮನೆಗೆ ಉಳಿಸು ಎಂದು ಉಪದೇಶಿಸುವುದು ಸರಿಯಲ್ಲ. ಅವರಿಗೆ ಇನ್ನೂ ಒಂದು ದೀಪ, ಇನ್ನೊಂದು ಫ್ಯಾನು ಬೇಕಾಗಿದೆ. ನನ್ನ ಮಾತು ಇರುವುದು ಉಳ್ಳವರಿಗೆ, ಮುಖ್ಯವಾಗಿ ಮನೆ ಕಟ್ಟುವವರಿಗೆ.

ಮಾಲೀಕರಿಗೆ ಒಂದು ಮನವಿ

ನಮ್ಮ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡುವುದು ರೂಢಿ. ಕಟ್ಟುವವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ. ಸೋಲಾರ್ ನೀರು ಮಾಲೀಕನ ಮನೆಗೆ, ಬಾಡಿಗೆದಾರನಿಗೆ ಗೀಸರ್ ಪಾಯಿಂಟು. ಕಾಯುವ ತಾರಸಿಯ ಕೆಳಗಿನ ಮನೆ ಬಾಡಿಗೆದಾರನಿಗೆ. ಜಗತ್ತಿನ ಎಲ್ಲ ದೇಶಗಳಲ್ಲೂ ಉಳಿತಾಯ ಸಿಕ್ಕಿಬಿದ್ದಿರುವ ಗಂಟು ಇದೇ. ಯೂರೋಪಿನಲ್ಲಿ ಮನೆ ಬಾಡಿಗೆಗೆ ಕೊಡುವಾಗ ಅದರ ಶಕ್ತಿ ಬಳಕೆಯ ಪ್ರಮಾಣಪತ್ರ ತೋರಿಸಬೇಕೆಂಬ ನಿಯಮ ಬಂದದ್ದು ಇದಕ್ಕಾಗಿಯೇ. ನಮ್ಮಲ್ಲಿ ಅಂಥ ನಿಯಮ ಬರುವವರೆಗೆ ಕಾಯಬೇಕಿಲ್ಲ. ನೆರೆಯವನ ಹಕ್ಕನ್ನು ಅಷ್ಟು ಒತ್ತಿ ಹೇಳುವ ದೀನ್ ನಮ್ಮದು. ಒಂದೇ ಮಾಡಿನ ಕೆಳಗಿರುವ ಬಾಡಿಗೆದಾರ ನೆರೆಯವನಲ್ಲವೇ?

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಈ ತಿಂಗಳು ಅಬ್ಬಾನ ಕೈಯಿಂದ ಬಿಲ್ಲು ತೆಗೆದುಕೊಳ್ಳಿ. ಮನೆಯ ಪ್ರತಿ ಉಪಕರಣದ ವ್ಯಾಟು ಬರೆದು, ಗಂಟೆಯಿಂದ ಗುಣಿಸಿ, ಮೀಟರಿನೊಂದಿಗೆ ತಾಳೆ ನೋಡಿ. ಏಳನೇ ತರಗತಿಯ ಗಣಿತ ಸಾಕು. ಅಮ್ಮಿಯ ಜೊತೆ ಕುಳಿತು ಯಾವುದನ್ನು ಮೊದಲು ಬದಲಿಸಬೇಕೆಂದು ನಿರ್ಧರಿಸಿ. ಮೂರು ತಿಂಗಳ ಬಿಲ್ಲುಗಳನ್ನು ಹೋಲಿಸಿ ಸಂಘಕ್ಕೆ ತಂದು ಕೊಡಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಅಂಕಿಗಳು ಅಚ್ಚಾದರೆ ಈ ಭಾಷಣಕ್ಕಿಂತ ಅವು ಹೆಚ್ಚು ಜನರಿಗೆ ಉಪಯೋಗವಾಗುತ್ತವೆ.

ಅಲ್ಲಾಹನು ನಮಗೆ ಕೊಟ್ಟಿರುವ ನಿಅಮತ್ತುಗಳನ್ನು ಅರಿತು ಬಳಸುವ, ಉಳಿದದ್ದನ್ನು ಇಲ್ಲದವರೊಂದಿಗೆ ಹಂಚಿಕೊಳ್ಳುವ ತೌಫೀಖ್ ನೀಡಲಿ. ಆಮೀನ್. ವಸ್ಸಲಾಮ್.